ಪಾರ್ಕಿನ ಹಳೆ ಬಯಲು ರಂಗಮಂದಿರ: ತಗಡು ಹೊದಿಸುವ ಮೊದಲು ಮಾಡಬೇಕಾದ ಕೆಲಸ

ನಿಮ್ಮ ಊರಿನ ಪಾರ್ಕಿನಲ್ಲೂ ಒಂದು ಹಳೆ ಬಯಲು ರಂಗಮಂದಿರ ಇರಬಹುದು. ಕಲ್ಲಿನ ಕಟ್ಟೆ, ಹಿಂದೆ ಒಂದು ಗೋಡೆ, ಎದುರಿಗೆ ಅರ್ಧಚಂದ್ರಾಕಾರದ ಮೆಟ್ಟಿಲು, ಪಕ್ಕದಲ್ಲೊಂದು ಬೇವಿನ ಮರ. ಈಗ ಅದಕ್ಕೆ ದುಡ್ಡು ಮಂಜೂರಾಗಿದೆ, ಕಮಿಟಿ ಆಗಿದೆ, ನಾಟಕದವರು ಅಂತ ನಿಮ್ಮನ್ನೂ ಸೇರಿಸಿಕೊಂಡಿದ್ದಾರೆ ಅಂದುಕೊಳ್ಳಿ. ಮೊದಲ ಮೀಟಿಂಗಿನಲ್ಲೇ ಯಾರಾದರೊಬ್ಬರು "ಮ್ಯಾಲೆ ತಗಡ ಹಾಕಿಸಿ, ಕೆಳಗ ಗ್ರಾನೈಟ್ ಹಾಸಿಬಿಡೂಣು" ಅಂದೇ ಅನ್ನುತ್ತಾರೆ. ಚಹಾ ಬರುವ ಹೊತ್ತಿಗೆ ಎಲ್ಲರೂ ಒಪ್ಪಿಯೂ ಆಗಿರುತ್ತದೆ. ನೀವು ಹೂಂ ಅನ್ನುವ ಮೊದಲು ಇದನ್ನೊಮ್ಮೆ ಓದಿ.

ನಾನು ಹಗಲು ಹುಬ್ಬಳ್ಳಿಯಲ್ಲಿ ಕಟ್ಟಡದ ನಕ್ಷೆ ಹಾಕುವವಳು, ಸಂಜೆ ಧಾರವಾಡದ ಹವ್ಯಾಸಿ ತಂಡಗಳಿಗೆ ಲೈಟು ಮಾಡುವವಳು. ಗದಗ, ಹಾವೇರಿ ಕಡೆ ಇಂಥ ಕಟ್ಟೆಗಳ ರಿಪೇರಿಯಲ್ಲಿ ಕೈ ಹಾಕಿದ್ದೇನೆ. ನನ್ನ ಪ್ರಕಾರ ಅಲ್ಲಿ ಎಲ್ಲಕ್ಕಿಂತ ಮೊದಲು ಉಳಿಸಿಕೊಳ್ಳಬೇಕಾದದ್ದು ಆ ಜಾಗದ ದನಿ. ಮೈಕಿಲ್ಲದೆ ಆಡಿದ ಮಾತು ಕೊನೆ ಮೆಟ್ಟಿಲಿಗೆ ಮುಟ್ಟುತ್ತದಲ್ಲ, ಅದು. ಒಮ್ಮೆ ಕೆಟ್ಟರೆ ಎಷ್ಟು ದುಡ್ಡು ಸುರಿದರೂ ವಾಪಸ್ ತರುವುದು ಕಷ್ಟ.

ಮೊದಲು ಹೋಗಿ ಕೂತುಕೊಳ್ಳಿ

ಟೇಪು, ಪೆನ್ಸಿಲು ಮನೆಯಲ್ಲೇ ಇರಲಿ. ಬೆಳಗ್ಗೆ ಆರಕ್ಕೆ ಹೋಗಿ ಕೂತುಕೊಳ್ಳಿ. ವಾಕಿಂಗ್ ಬಂದವರು ಮೆಟ್ಟಿಲ ಮೇಲೆ ಕಾಲು ಚಾಚುತ್ತಾರೆ. ಕಟ್ಟೆಯ ಮೇಲೆ ಯೋಗದವರು ಚಾಪೆ ಹಾಸುತ್ತಾರೆ. ಹತ್ತರ ಹೊತ್ತಿಗೆ, ಅದೂ ಧಾರವಾಡವಾದರೆ, ಪಿಎಸ್‌ಐ, ಕೆಎಎಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ನೆರಳು ಹುಡುಕಿಕೊಂಡು ಬರುತ್ತಾರೆ. ಬಿಸಿಲು ಸರಿದ ಹಾಗೆ ಅವರೂ ಮೆಟ್ಟಿಲಿನಿಂದ ಮೆಟ್ಟಿಲಿಗೆ ಸರಿಯುತ್ತಾರೆ. ಅವರು ಎಲ್ಲಿ ಕೂತಿದ್ದಾರೆ ಅಂತ ಗಂಟೆಗೊಮ್ಮೆ ಗುರುತು ಹಾಕಿಕೊಂಡರೆ ಸಾಕು, ಯಾವ ಮರದ ಒಂದು ಕೊಂಬೆಯನ್ನೂ ಮುಟ್ಟಬಾರದು ಅನ್ನುವುದು ಗೊತ್ತಾಗುತ್ತದೆ. ಸಂಜೆ ಗೇಟಿನ ಹೊರಗೆ ಗಿರ್ಮಿಟ್, ಮಿರ್ಚಿ ಗಾಡಿ ಬಂದಾಗ ಜನ ಎತ್ತ ಹರಿಯುತ್ತಾರೆ, ಅದನ್ನೂ ನೋಡಿ. ನಾಳೆ ನಾಟಕದ ದಿನ ನಿಮ್ಮ ಪ್ರೇಕ್ಷಕರು ಬರುವ ದಾರಿಯೂ ಅದೇ.

ವರ್ಷದ ಬಹುಪಾಲು ದಿನ ಅಲ್ಲಿ ನಾಟಕ ಇರುವುದಿಲ್ಲ. ಅದಕ್ಕೇ ಸುತ್ತ ಬೇಲಿ ಹಾಕಿ ಬೀಗ ಜಡಿಯುವ ಯಾವ ನಕ್ಷೆಗೂ ಒಪ್ಪಬೇಡಿ. ಜನ ಓಡಾಡುವ ಜಾಗ ಹಾಳು ಬೀಳುವುದು ಕಡಿಮೆ.

ಕಾಗದದ ಕೆಲಸ ಬೇಸರದ್ದು, ಬೇಗ ಮುಗಿಸೋಣ. ಜಾಗ ಯಾರ ಹೆಸರಿಗಿದೆ ಅಂತ ನಗರಸಭೆ ಅಥವಾ ಮಹಾನಗರ ಪಾಲಿಕೆಯಲ್ಲಿ ನೋಡಿ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ರಕ್ಷಣೆಗೆ ರಾಜ್ಯದಲ್ಲಿ 1985ರ ಕಾಯ್ದೆ ಇದೆ. ರಿಪೇರಿ ನೆಪದಲ್ಲಿ ಅಂಗಡಿ ಸಾಲು ಎದ್ದೇಳದಂತೆ ತಡೆಯಲು ಅದು ಕೈಯಲ್ಲಿರಲಿ. ಮರ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕು. ಹತ್ತಿರದಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ ಇದ್ದರೆ, ಅದರ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ, ಅಲ್ಲಿಂದ ಮುಂದಿನ 200 ಮೀಟರಿಗೆ ಅನುಮತಿ ಬೇಕು. ತ್ರಿಕೂಟೇಶ್ವರ ಗುಡಿ ಇರುವ ಗದಗಿನಂಥ ಊರಲ್ಲಿ ಇದನ್ನು ಮೊದಲ ದಿನವೇ ನೋಡಿಕೊಳ್ಳಬೇಕು.

ಕಿವಿಯಿಂದ ಅಳೆಯಿರಿ

ನನಗೆ ಬಹಳ ಇಷ್ಟದ ಕೆಲಸ ಇದು. ಖರ್ಚೂ ಇಲ್ಲ.

ಇಬ್ಬರು ಬೇಕು. ಒಬ್ಬರು ಕಟ್ಟೆಯ ನಡುವೆ ನಿಂತು ಸಾದಾ ದನಿಯಲ್ಲಿ ಒಂದೊಂದೇ ಪದ ಹೇಳಬೇಕು: ಹಾಲು, ಕಾಲು, ಸಾಲು, ಪಾಲು, ತಾಳು, ಬಾಳು. ಅನುಕ್ರಮ ಕಲಸಿ ಹೇಳಲಿ. ಇನ್ನೊಬ್ಬರು ಮೆಟ್ಟಿಲ ಮೇಲೆ ಕೂತು, ಕೇಳಿದ್ದನ್ನು ಬರೆದುಕೊಳ್ಳಬೇಕು. ಮುಂದಿನ ಸಾಲು, ನಡುವಿನ ಸಾಲು, ಕೊನೆ ಸಾಲು, ಎಡ ತುದಿ, ಬಲ ತುದಿ, ಎಲ್ಲ ಕಡೆ. ದೂರದಲ್ಲಿ 'ಆಲು' ಮಾತ್ರ ಕೇಳಿಸಿ ಮೊದಲ ವ್ಯಂಜನ ಹಾರಿಹೋಗಿದ್ದರೆ, ಆ ಜಾಗದಲ್ಲಿ ಸ್ವರ ಮುಟ್ಟುತ್ತದೆ, ಮಾತು ಮುಟ್ಟುವುದಿಲ್ಲ ಅಂತ ಲೆಕ್ಕ. ಸಂಗೀತ ಕಛೇರಿಗೆ ಅದು ನಡೆದೀತು, ನಾಟಕಕ್ಕೆ ನಡೆಯುವುದಿಲ್ಲ. ತಪ್ಪು ಬಂದ ಜಾಗಗಳನ್ನೆಲ್ಲ ನಕ್ಷೆಯ ಮೇಲೆ ಕೆಂಪು ಚುಕ್ಕೆ ಮಾಡಿ.

ಆಮೇಲೆ ಕಟ್ಟೆಯ ಮೇಲೆ ನಿಂತು ಒಂದು ಚಪ್ಪಾಳೆ ತಟ್ಟಿ. ಎದುರಿನ ಗೋಡೆಗೆ ಬಡಿದು ಬೇರೆಯಾಗಿ ಮರುದನಿ ಬಂತಾ? ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಗೋಡೆ 17 ಮೀಟರಿಗಿಂತ ದೂರ ಇದ್ದರೆ ಹೋಗಿ ಬರಲು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಹೊತ್ತು ಬೇಕು. ಆಗ ಕಿವಿ ಅದನ್ನು ಇನ್ನೊಂದು ಮಾತು ಅಂತಲೇ ತಿಳಿಯುತ್ತದೆ. ನಾನು ಕೆಲಸ ಮಾಡಿದ ಒಂದು ಪಾರ್ಕಿನಲ್ಲಿ ಹೀಗೆ ತಿರುಗಿ ಬರುತ್ತಿದ್ದದ್ದು ಹೊಸದಾಗಿ ಎದ್ದ ಕಾಂಪೌಂಡಿನಿಂದ, ನುಣುಪಾಗಿ ಗಿಲಾವು ಮಾಡಿದ್ದ ಗೋಡೆ. ಅದರ ಮುಂದೆ ಉಬ್ಬು ತಗ್ಗಾಗಿ ಕಾಡುಗಲ್ಲು ಜೋಡಿಸಿದ ಮೇಲೆ ಮರುದನಿ ಚದುರಿಹೋಯಿತು. ಹಳೆಯ ಕಟ್ಟೆಗೆ ಕೈ ಹಚ್ಚುವ ಪ್ರಮೇಯವೇ ಬರಲಿಲ್ಲ.

ನಟರ ಬೆನ್ನಿಗಿರುವ ಗೋಡೆಯ ಕಥೆ ಬೇರೆ. ಅದು ಹತ್ತಿರದಲ್ಲಿರುವುದರಿಂದ ಮಾತನ್ನು ಮುಂದಕ್ಕೆ ತಳ್ಳುತ್ತದೆ. "ಗಾಳಿ ಆಡಲಿ" ಅಂತ ಅದಕ್ಕೆ ಜಾಲಿ ಕೊರೆಸುವ ಆಸೆ ಕೆಲವರಿಗೆ ಬರುತ್ತದೆ. ಬೇಡ.

ಈ ಪರೀಕ್ಷೆಯನ್ನು ಬೆಳಗಿನ ಶಾಂತ ಹೊತ್ತಲ್ಲಿ ಮಾಡಿ ಖುಷಿಪಡಬೇಡಿ. ನಾಟಕ ನಡೆಯುವ ಹೊತ್ತಿಗೆ, ಸಂಜೆ ಏಳಕ್ಕೆ ಮತ್ತೆ ಮಾಡಿ. ಬಸ್ಸಿನ ಹಾರ್ನು, ಹುಬ್ಬಳ್ಳಿಯಾದರೆ ರೈಲಿನ ಕೂಗು, ಲಗ್ನದ ಸೀಸನ್ನಿನಲ್ಲಿ ಕಲ್ಯಾಣ ಮಂಟಪದ ಡಿಜೆ, ಎಲ್ಲ ಸೇರಿದಾಗ ಚುಕ್ಕೆಗಳು ಎಷ್ಟಾದವು ನೋಡಿ. ರಸ್ತೆಯ ಸದ್ದಿಗೆ ಗಿಡದ ಸಾಲು ನೆಟ್ಟರಾಯಿತು ಅಂತ ತೋಟದವರು ಹೇಳುತ್ತಾರೆ. ತೆಳು ಬೇಲಿಗಿಡ ಸದ್ದನ್ನು ತಡೆಯುವುದು ಅಷ್ಟಕ್ಕಷ್ಟೇ. ಮಣ್ಣಿನ ದಿಬ್ಬ ತಡೆಯುತ್ತದೆ, ಅದೂ ಕೂತವರ ಕಣ್ಣಿಗೆ ರಸ್ತೆ ಕಾಣದಷ್ಟು ಎತ್ತರ ಇದ್ದರೆ. ಚರಂಡಿ ತೋಡಿದಾಗ ಬರುವ ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ಹೊರಗೆ ಸಾಗಿಸುವ ಬದಲು ಕೊನೆ ಮೆಟ್ಟಿಲ ಹಿಂದೆ ಏರಿಸಿ, ಮೇಲೆ ಹುಲ್ಲು ಹಚ್ಚಿ.

ಎರೆ ಮಣ್ಣು, ಗಚ್ಚು, ಗೌಂಡಿ

ಗದಗ, ನವಲಗುಂದ, ಹುಬ್ಬಳ್ಳಿಯ ಪೂರ್ವಕ್ಕೆ ಹೋದಂತೆಲ್ಲ ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರ ಮೇಲಿನ ಮೆಟ್ಟಿಲೂ ಜೊತೆಗೇ ಏರಿ ಇಳಿಯುತ್ತವೆ. ಬಿರುಕು ಕಂಡ ಕೂಡಲೇ "ಕಟ್ಟಡ ಹೋಯ್ತು, ಕೆಡವೋಣ" ಅನ್ನುವವರಿಗೆ ಈ ಉಪಾಯ ಹೇಳಿ. ಬಿರುಕಿನ ಮೇಲೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿ ಇಟ್ಟು ಎರಡೂ ತುದಿ ಗಟ್ಟಿಯಾಗಿ ಅಂಟಿಸಿ, ತಾರೀಖು ಬರೆಯಿರಿ. ಪಕ್ಕದಲ್ಲೇ ಬಿರುಕಿನ ಅಗಲವನ್ನೂ ಗುರುತು ಮಾಡಿ. ಗಾಜು ಒಡೆದರೆ ಕಲ್ಲು ಇನ್ನೂ ಸರಿಯುತ್ತಿದೆ ಅಂತ ಅರ್ಥ. ಒಂದು ಬೇಸಿಗೆ, ಒಂದು ಮಳೆಗಾಲ ನೋಡಿ. ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಳ್ಳುವ ಬಿರುಕಿಗೆ ಕಾರಣ ಮಣ್ಣು ಮತ್ತು ನೀರು. ವರ್ಷವಿಡೀ ಒಂದೇ ಸಮನೆ ಅಗಲವಾಗುತ್ತಾ ಹೋದರೆ ಮಾತ್ರ ಅಡಿಪಾಯದ ಎಂಜಿನಿಯರನ್ನು ಕರೆಸಿ.

ಮಣ್ಣಿನ ರೋಗಕ್ಕೆ ಮದ್ದು ನೀರಿನ ದಾರಿ ಬದಲಿಸುವುದು. ಹಳೆ ಚರಂಡಿ ಎಲ್ಲಿತ್ತು ಹುಡುಕಿ. ಬಹಳ ಕಡೆ ಇರುತ್ತದೆ, ಕಸ ತುಂಬಿ ಮುಚ್ಚಿರುತ್ತದೆ. ಮೆಟ್ಟಿಲ ಬುಡದಲ್ಲಿ ಗುಂಡಿ ತೋಡಿಸಿ, ಎರೆ ಎಷ್ಟು ಆಳಕ್ಕೆ ಮುಗಿದು ಗಟ್ಟಿ ಗರಸು ಮಣ್ಣು ಹತ್ತುತ್ತದೆ ನೋಡಿಕೊಳ್ಳಿ. ಗೋಡೆಗೆ ತಾಗಿಕೊಂಡೇ ಲಾನು ಬೆಳೆಸಿ ದಿನಾ ಸ್ಪ್ರಿಂಕ್ಲರ್ ಬಿಡುವುದನ್ನು ನಿಲ್ಲಿಸಿ. ಹೊಸ ಮರಗಳನ್ನೂ ಗೋಡೆಯಿಂದ ಸಾಕಷ್ಟು ದೂರ ನೆಡಿ. ಮರದ ಬೇರು ನೀರು ಹೀರಿದಾಗ ಎರೆ ಕುಗ್ಗುತ್ತದೆ, ಗೋಡೆ ಆ ಕಡೆಗೇ ವಾಲುತ್ತದೆ. ಧಾರವಾಡದ ಪಶ್ಚಿಮಕ್ಕೆ ಮಸಾರಿ ಅನ್ನುವ ಕೆಂಪು ಮಣ್ಣು, ಜಂಬಿಟ್ಟಿಗೆ ಇರುವ ಕಡೆ ಈ ತಲೆನೋವು ಕಡಿಮೆ. ಅಲ್ಲಿ ಮಳೆ ಜಾಸ್ತಿ, ಹಾಗಾಗಿ ಪಾಚಿಯ ಕಾಟ.

ಇನ್ನು ಕಲ್ಲಿನ ಸಂದು. ಹಳೆ ಕಟ್ಟೆಗಳನ್ನು ಸುಣ್ಣದ ಗಚ್ಚಿನಲ್ಲಿ ಕಟ್ಟಿರುತ್ತಾರೆ. ಆಮೇಲೆ ಯಾವುದೋ ವರ್ಷ ಯಾರೋ ಬಂದು ಸಂದಿಗೆಲ್ಲ ಸಿಮೆಂಟ್ ಮೆತ್ತಿ, ಅಂಚಿಗೆ ಗೆರೆ ಎಳೆದು ಹೋಗಿರುತ್ತಾರೆ. ಗದಗ ಕಡೆಯ ಕೆಲಸದಲ್ಲಿ ನಮ್ಮ ಹಿರಿಯ ಗೌಂಡಿ ಅದನ್ನು ನೋಡಿದ ಕೂಡಲೇ ಚಾಣ ಕೆಳಗಿಟ್ಟು ಹೇಳಿದರು: "ಅಕ್ಕಾರ, ಇದರ ಮ್ಯಾಲೆ ಮತ್ತ ಸಿಮೆಂಟ್ ಬಳೀಬ್ಯಾಡ್ರಿ. ಒಳಗಿನ ನೀರ ಹೊರಗ ಬರಾಕ ದಾರಿ ಬೇಕಲ್ರಿ. ದಾರಿ ಮುಚ್ಚಿದ್ರ ಕಲ್ಲ ತಿಂತೈತಿ." ಅವರು ತೋರಿಸಿದ ಜಾಗದಲ್ಲಿ ಸಿಮೆಂಟಿನ ಗೆರೆ ಹಾಗೇ ಗಟ್ಟಿಯಾಗಿ ನಿಂತಿತ್ತು. ಅದರ ಎರಡೂ ಕಡೆ ಕಲ್ಲಿನ ಮುಖ ಹಪ್ಪಳದ ಹಾಗೆ ಎದ್ದಿತ್ತು. ಬೆರಳಿನಿಂದ ಒತ್ತಿದರೆ ಪುಡಿ. ಸಿಮೆಂಟು ತೇವವನ್ನು ಸುಲಭವಾಗಿ ಬಿಡುವುದಿಲ್ಲ. ಸಂದಿನಿಂದ ಹೊರಬೀಳಬೇಕಾದ ನೀರು ಉಪ್ಪಿನ ಸಮೇತ ಕಲ್ಲಿನ ಮೂಲಕವೇ ಬರುತ್ತದೆ, ಒಣಗುವಾಗ ಉಪ್ಪು ಹರಳುಗಟ್ಟಿ ಕಲ್ಲಿನ ಮೈ ಕೀಳುತ್ತದೆ.

ಆ ಸಿಮೆಂಟನ್ನು ಚಾಣ, ಸುತ್ತಿಗೆಯಲ್ಲಿ ಕೈಯಿಂದಲೇ ತೆಗೆಸಿ. ಬ್ರೇಕರ್ ಮಷೀನು ತಂದರೆ ಕಲ್ಲಿನ ಅಂಚು ಒಡೆಯುತ್ತದೆ. ಹೊಸ ಗಚ್ಚಿಗೆ ಸುಣ್ಣವನ್ನು ಚೆನ್ನಾಗಿ ಅರಳಿಸಿ, ನೀರಲ್ಲಿ ವಾರಗಟ್ಟಲೆ ಬಿಡಬೇಕು. ಒಂದು ಪಾಲು ಸುಣ್ಣಕ್ಕೆ ಸುಮಾರು ಮೂರು ಪಾಲು ತೊಳೆದ ಉಸುಕು. ನಮ್ಮ ಗೌಂಡಿ ಅದಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುತ್ತಿದ್ದರು. ಹದ ಆಯಿತೋ ಇಲ್ಲವೋ ನೋಡಲು ಕರಣಿಯಲ್ಲಿ ತೆಗೆದು ತಲೆಕೆಳಗು ಮಾಡುತ್ತಿದ್ದರು. ಕೆಳಗೆ ಬೀಳದೆ ಅಂಟಿಕೊಂಡಿದ್ದರೆ ಸರಿ, ಇಲ್ಲದಿದ್ದರೆ ಇನ್ನೂ ಅರೆಯಬೇಕು. ಹಚ್ಚಿದ ಮೇಲೆ ಹಸಿ ಗೋಣಿಚೀಲ ಹೊದಿಸಿ, ದಿನಾ ನೀರು ಚಿಮುಕಿಸಿ. ದೀಪಾವಳಿಯಿಂದ ಶಿವರಾತ್ರಿವರೆಗೆ ಈ ಕೆಲಸಕ್ಕೆ ಒಳ್ಳೆ ಹವಾ. ಏಪ್ರಿಲ್ ಬಿಸಿಲಿಗೆ ಗಚ್ಚು ಬೇಗ ಒಣಗಿ ಸೀಳುತ್ತದೆ. ಮಾರ್ಚ್ 31ರೊಳಗೆ ದುಡ್ಡು ಖರ್ಚಾಗಬೇಕು ಅಂತ ಆಫೀಸಿನವರು ಅವಸರ ಮಾಡುತ್ತಾರೆ, ಅದಕ್ಕೇ ಸುಣ್ಣದ ಕೆಲಸವನ್ನು ನವೆಂಬರಿಗೇ ಶುರು ಹಚ್ಚಿಕೊಳ್ಳಿ.

ಕಲ್ಲಿನ ಮೇಲೆ ಆಯಿಲ್ ಪೇಂಟ್ ಬೇಡವೇ ಬೇಡ. ಕಾರಣ ಅದೇ.

ತಗಡಿನ ಜಗಳ

ಇಲ್ಲಿ ನೀವು ಗಟ್ಟಿಯಾಗಿ ನಿಲ್ಲಬೇಕು. "ಮಳಿ ಬಂದ್ರ ಏನ್ ಮಾಡೋದ್ರಿ?" ಅಂತ ಕೇಳಿಯೇ ಕೇಳುತ್ತಾರೆ. "ಮಳಿ ಬಂದ್ರ ತಗಡಿನ ಕೆಳಗೂ ನಾಟಕ ಕೇಳಂಗಿಲ್ರಿ" ಅನ್ನಿ. ಜಾತ್ರೆಗಳಲ್ಲಿ ತಗಡಿನ ಥೇಟರಿನೊಳಗೆ ಕಂಪನಿ ನಾಟಕ ನೋಡಿದವರಿಗೆ ಇದು ಗೊತ್ತು. ನಾಲ್ಕು ಹನಿ ಬಿದ್ದರೂ ನಟ ಬಾಯಿ ಆಡಿಸುವುದು ಕಾಣುತ್ತದೆ, ಮಾತು ತಗಡಿನ ಪಾಲು. ನಮ್ಮ ಕಡೆ ನಾಟಕದ ಸೀಸನ್ ಸುಗ್ಗಿ ಮುಗಿದ ಮೇಲಿನದು. ಬಾದಾಮಿಯ ಬನಶಂಕರಿ ಜಾತ್ರೆ ಜನವರಿ ಆಸುಪಾಸು, ಅಲ್ಲಿಂದ ಬೇಸಿಗೆವರೆಗೆ ಊರೂರ ಜಾತ್ರೆ. ಆ ತಿಂಗಳುಗಳಲ್ಲಿ ಮಳೆಯ ಭಯ ಅಂದರೆ ಏಪ್ರಿಲ್, ಮೇ ತಿಂಗಳ ಅಡ್ಡಮಳೆ. ಅದು ಬರುವುದೇ ಬಿರುಗಾಳಿಯ ಜೊತೆ. ಎತ್ತರದ ಕಬ್ಬಿಣದ ಚಪ್ಪರ ಗಾಳಿಯನ್ನು ಹಿಡಿಯುತ್ತದೆ. ಅದನ್ನು ತಡೆಯಲು ದಪ್ಪ ಕಂಬ ಬೇಕು, ಕಂಬಕ್ಕೆ ಎರೆ ಮಣ್ಣಲ್ಲಿ ಆಳದ ಬುನಾದಿ ಬೇಕು, ಆ ಬುನಾದಿ ತೋಡುವಾಗ ಹಳೆ ಮೆಟ್ಟಿಲು ಹೋಗುತ್ತವೆ.

ಬದಲಿಗೆ ಕಟ್ಟೆಯ ಸುತ್ತ ನೆಲದಲ್ಲಿ ಮುಚ್ಚಳವಿರುವ ಕಬ್ಬಿಣದ ಕೊಳವೆ ಹೂಳಿ. ಬೇಕಾದ ದಿನ ಅದಕ್ಕೆ ಪೈಪು ನಿಲ್ಲಿಸಿ ಶಾಮಿಯಾನವನ್ನೋ ಪರದೆಯನ್ನೋ ಕಟ್ಟಬಹುದು, ಮರುದಿನ ಬಿಚ್ಚಬಹುದು. ಕಂಪನಿ ಶೈಲಿಯ ನಾಟಕಕ್ಕೆ ಸೀನು, ಸೈಡ್ ವಿಂಗು ಬೇಕು. ಕುಣಿತ, ಹಾಡಿನ ಬಯಲಾಟವಾದ ದೊಡ್ಡಾಟಕ್ಕೆ ಅವೇನೂ ಬೇಡ, ಹಿಮ್ಮೇಳ ನಟರ ಹಿಂದೆಯೇ ನಿಲ್ಲುತ್ತದೆ, ಕುಣಿತ ಮಾತ್ರ ಜೋರು. ಎರಡಕ್ಕೂ ಈ ಕೊಳವೆ ಒಗ್ಗುತ್ತದೆ. ಹಾರ್ಮೋನಿಯಂ, ತಬಲಾದವರಿಗೆ ಕಟ್ಟೆಯ ಮುಂದೆ ಹಳೆಯ ತಗ್ಗು ಇದ್ದರೆ ಅದನ್ನು ಮುಚ್ಚಬೇಡಿ. ಗರುಡ ಸದಾಶಿವರಾಯರ ಕಂಪನಿ, ಪುಟ್ಟರಾಜ ಗವಾಯಿಗಳ ಆಶ್ರಮದ ಕಂಪನಿಯಂಥ ನಾಟಕ ಕಂಪನಿಗಳು ಬೆಳೆದ ಗದಗಿನಲ್ಲಿ ರಂಗಗೀತೆಗೆ ಜಾಗ ಇಲ್ಲದ ರಂಗ ಕಟ್ಟಿದರೆ ಜನ ಏನಂದಾರು?

ಗ್ರಾನೈಟಿನ ಮೇಲೆ ಬರಿಗಾಲು ಜಾರುತ್ತದೆ, ಲೈಟು ಬಿದ್ದರೆ ಹೊಳೆದು ನೋಡುವವರ ಕಣ್ಣು ಕುಕ್ಕುತ್ತದೆ. ಇದ್ದ ಫರಸಿಯನ್ನೇ ಎತ್ತಿ, ಮಟ್ಟ ಮಾಡಿ, ನೀರು ಹಿಂದಕ್ಕೆ ಹರಿಯುವಷ್ಟು ಇಳಿಜಾರು ಕೊಟ್ಟು ಮತ್ತೆ ಕೂಡಿಸಿ. ಕುಣಿತದ ದಿನಕ್ಕೆ ಮೇಲೆ ಹಾಸಲು ಹಲಗೆಗಳು ಗ್ರೀನ್ ರೂಮಿನಲ್ಲಿರಲಿ.

ಕೂರುವವರು, ಬಣ್ಣ ಹಚ್ಚುವವರು

ಮೆಟ್ಟಿಲು 40ರಿಂದ 45 ಸೆಂಟಿಮೀಟರ್ ಎತ್ತರ, 75ರಿಂದ 90 ಸೆಂಟಿಮೀಟರ್ ಅಗಲ ಇದ್ದರೆ ಕೂರಲು, ದಾಟಲು ಅನುಕೂಲ. ಹಿಂದಿನವರ ನೋಟ ಮುಂದಿನವರ ತಲೆಯ ಮೇಲಿಂದ ಹಾಯಬೇಕು ಅಂದರೆ ಸಾಲಿನಿಂದ ಸಾಲಿಗೆ ನೋಟದ ಗೆರೆ ಮುಂದಿನವರ ಕಣ್ಣಿಗಿಂತ ಸುಮಾರು 12 ಸೆಂಟಿಮೀಟರ್ ಮೇಲೆ ಹಾಯಬೇಕು. ಅರ್ಧವೃತ್ತದ ಸಾಲಿಗೆ 10 ಮೀಟರ್ ತ್ರಿಜ್ಯ ಇದ್ದರೆ ಸಾಲಿನ ಉದ್ದ 31 ಮೀಟರ್. ಒಬ್ಬರಿಗೆ ಅರ್ಧ ಮೀಟರಿನಂತೆ ಸುಮಾರು 60 ಜನ. ಈ ಲೆಕ್ಕ ಮೀಟಿಂಗಿನಲ್ಲಿ ಹೇಳಿ. "ಸಾವಿರ ಮಂದಿ ಕೂರಬೇಕು" ಅನ್ನುವವರು ಸ್ವಲ್ಪ ಸುಮ್ಮನಾಗುತ್ತಾರೆ. ಸಾಲು ಹೆಚ್ಚಿಸಿ ಜನರನ್ನು 25 ಮೀಟರಿಗಿಂತ ಆಚೆ ಕೂರಿಸಿದರೆ ಮೈಕಿಲ್ಲದ ಮಾತಿನ ಆಸೆ ಬಿಡಬೇಕಾಗುತ್ತದೆ.

ಗಾಲಿಕುರ್ಚಿಯವರಿಗೆ ಒಂದಕ್ಕೆ ಹನ್ನೆರಡರ ಇಳಿಜಾರು ಬೇಕು, ಅಂದರೆ 75 ಸೆಂಟಿಮೀಟರ್ ಎತ್ತರದ ಕಟ್ಟೆಗೆ 9 ಮೀಟರ್ ಉದ್ದದ ರ‍್ಯಾಂಪ್. ಪ್ರೇಕ್ಷಕರ ಕಡೆಗಷ್ಟೇ ಅಲ್ಲ, ಕಟ್ಟೆಗೂ ಇರಲಿ. ಗಾಲಿಕುರ್ಚಿಯವರು ನೋಡಲಷ್ಟೇ ಬರುತ್ತಾರೆ, ಪಾತ್ರ ಮಾಡಲು ಬರುವುದಿಲ್ಲ ಅಂತ ಯಾರು ಹೇಳಿದರು?

ಹಳೆಯ ಕಾಲದಲ್ಲಿ ಸ್ತ್ರೀಪಾತ್ರ ಮಾಡುತ್ತಿದ್ದವರೂ ಬಹುಪಾಲು ಗಂಡಸರೇ. ಬಹಳ ಕಟ್ಟೆಗಳ ಹಿಂದೆ ಬಣ್ಣ ಹಚ್ಚಲು ಒಂದೇ ಕೋಣೆ. ಹೆಣ್ಣುಮಕ್ಕಳು ಸೀರೆ ಅಡ್ಡ ಹಿಡಿದು ಬಟ್ಟೆ ಬದಲಿಸುವುದನ್ನು ಈಗಲೂ ನೋಡುತ್ತೇನೆ. ಹೊಸದಾಗಿ ಏನಾದರೂ ಕಟ್ಟುವುದಿದ್ದರೆ ಮೊದಲು ಎರಡು ಗ್ರೀನ್ ರೂಮು, ಒಳಗೇ ಚಿಲಕವಿರುವ ಸಂಡಾಸು, ನಲ್ಲಿ, ಕನ್ನಡಿ, ಕನ್ನಡಿಯ ಮೇಲೆ ಲೈಟು. ಇಷ್ಟನ್ನೂ ಗೋಡೆಯ ಹಿಂದೆ, ಗೋಡೆಗಿಂತ ತಗ್ಗಾಗಿ, ಹಳೆ ಕಲ್ಲಿಗೆ ತಾಗದಂತೆ ಕಟ್ಟಿ. ನೋಡಲು ಬರುವ ಹೆಂಗಸರಿಗೂ ಬೇರೆ ಶೌಚಾಲಯ ಬೇಕು, ಅದು ಬೆಳಕಿರುವ ದಾರಿಯಲ್ಲಿರಲಿ.

ಬೆಳಕು ಮತ್ತು ಹತ್ತು ಗಂಟೆ

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಮೈಕ್ ಹಚ್ಚುವಂತಿಲ್ಲ ಅಂತ 2000ದ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ಸರ್ಕಾರ ವರ್ಷದಲ್ಲಿ 15 ದಿನ ಮೀರದಂತೆ 12 ಗಂಟೆವರೆಗೆ ಸಡಿಲಿಕೆ ಕೊಡಬಹುದು. ಬೆಳತನಕದ ದೊಡ್ಡಾಟಕ್ಕೆ ಪಾರ್ಕು ಜಾಗವಲ್ಲ. ಅಂದಮೇಲೆ ನಾಟಕ ಆರೂವರೆ, ಏಳಕ್ಕೇ ಶುರುವಾಗಬೇಕು. ಮೇ ತಿಂಗಳಲ್ಲಿ ಆರೂವರೆಗೆ ಸೂರ್ಯ ಇನ್ನೂ ಮುಳುಗಿರುವುದಿಲ್ಲ. ಪ್ರೇಕ್ಷಕರು ಪಶ್ಚಿಮಕ್ಕೆ ಮುಖ ಮಾಡಿ ಕೂರುವ ರಂಗವಾದರೆ ಶುರುವಿನ ದೃಶ್ಯಕ್ಕೆ ಕಣ್ಣಿಗೆ ಕೈ ಅಡ್ಡ. ಕಟ್ಟೆಯನ್ನು ತಿರುಗಿಸಲಾಗದು. ಗೋಡೆಯ ಹಿಂದೆ, ದೂರದಲ್ಲಿ ಹೊಂಗೆಯ ಸಾಲು ನೆಡಬಹುದು.

ಪಾರ್ಕಿನ ಹೈಮಾಸ್ಟ್ ದೀಪಕ್ಕೆ ಬೇರೆ ಸ್ವಿಚ್ ಇರಲೇಬೇಕು, ಇದನ್ನು ಎಸ್ಟಿಮೇಟಿನಲ್ಲೇ ಬರೆಸಿ. ಸಾವಿನ ದೃಶ್ಯದಲ್ಲಿ ನಾನು ಎಲ್ಲ ಲೈಟು ಆರಿಸಿದ್ದೇನೆ, ಮೇಲಿನ ಹೈಮಾಸ್ಟು ಹಗಲಿನಂತೆ ಉರಿಯುತ್ತಿದೆ, ಸತ್ತವನು ಎದ್ದು ಒಳಗೆ ನಡೆದ. ಜನ ನಗದೆ ಇನ್ನೇನು ಮಾಡುತ್ತಾರೆ? ಲೈಟಿನ ಕಂಬಗಳು ಮೆಟ್ಟಿಲ ಎರಡೂ ಪಕ್ಕದಲ್ಲಿರಲಿ, ನಟನ ಮುಖಕ್ಕೆ ಬೆಳಕು ಮೇಲಿನಿಂದ ಸುಮಾರು 45 ಡಿಗ್ರಿಯಲ್ಲಿ ಬೀಳಲಿ. ತ್ರೀ ಫೇಸ್ ಪ್ಯಾನಲ್ಲು, ಸರಿಯಾದ ಅರ್ಥಿಂಗು, ಕರೆಂಟು ಸೋರಿದರೆ ತಾನೇ ಬಂದಾಗುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು. ಹುಲ್ಲು ಹಸಿ ಇರುವ ಜಾಗ, ಇದರಲ್ಲಿ ಉಳಿತಾಯ ಬೇಡ. ವೈರು ನೆಲದಡಿಯ ಪೈಪಿನಲ್ಲಿ ಹೋಗಲಿ. ಪೈಪಿನೊಳಗೆ ಒಂದು ನೈಲಾನ್ ಹಗ್ಗ ಬಿಟ್ಟಿರಿ, ಮುಂದೆ ಹೊಸ ಕೇಬಲ್ ಎಳೆಯಲು.

ಟೆಂಡರಿಗೆ ಕೊಡುವಾಗ

ಕಡಿಮೆ ದರ ಹಾಕಿದವರಿಗೆ ಕೆಲಸ ಹೋಗುತ್ತದೆ, ಅದು ನಿಯಮ. ಹಾಗಾಗಿ ಷರತ್ತಿನಲ್ಲೇ ಎಲ್ಲ ಬಿಡಿಸಿ ಬರೆಯಬೇಕು. "ಸೂಕ್ತ ಗಾರೆ" ಅಂತ ಬರೆದರೆ ಸಿಮೆಂಟೇ ಬರುತ್ತದೆ. ಸುಣ್ಣ, ಉಸುಕಿನ ಪ್ರಮಾಣ, ಸುಣ್ಣ ನೆನೆಸುವ ದಿನ, ಕೈಯಿಂದಲೇ ತೆಗೆಯಬೇಕು ಅನ್ನುವುದು, ಎಲ್ಲ ಬರೆಯಿರಿ. ಗುತ್ತಿಗೆದಾರರು ಮೊದಲು ಒಂದು ಮೀಟರ್ ಚೌಕದ ಮಾದರಿ ಮಾಡಿ ತೋರಿಸಬೇಕು, ಅದು ಒಪ್ಪಿಗೆಯಾದ ಮೇಲೆಯೇ ಮುಂದಿನ ಕೆಲಸ, ಬಿಲ್ಲು ಆಗುವವರೆಗೆ ಆ ಮಾದರಿ ಹಾಗೇ ಇರಬೇಕು. ಕಲ್ಲು ಎತ್ತುವ ಮೊದಲು ಪ್ರತಿ ಕಲ್ಲಿಗೂ ನಂಬರ್ ಹಾಕಿ ಫೋಟೋ ತೆಗೆಯಬೇಕು.

ಉಸ್ತುವಾರಿ ಯಾರದ್ದು ಅನ್ನುವುದನ್ನೂ ಈಗಲೇ ತೀರ್ಮಾನಿಸಿ. ಹಾನಗಲ್ ತಾಲ್ಲೂಕಿನ ಶೇಷಗಿರಿ ಸಣ್ಣ ಹಳ್ಳಿ. ಊರಿನವರದೇ ತಂಡ ಇದೆ, ರಂಗಮಂದಿರವೂ ಇದೆ, ಬಳಕೆಯಲ್ಲೂ ಇದೆ. ನಿಮ್ಮಲ್ಲೂ ತಂಡಗಳು ಸೇರಿ ತಿಂಗಳಿಗೊಂದು ಸಂಜೆ ಏನಾದರೂ ಮಾಡುತ್ತೇವೆ ಅಂತ ಬರೆದುಕೊಟ್ಟರೆ ಪ್ಯಾನಲ್ಲಿನ ಒಂದು ಕೀಲಿ ನಿಮ್ಮ ಕೈಗೆ ಕೇಳಬಹುದು. ಇನ್ನೊಂದು ಪಾರ್ಕಿನ ಮಾಲಿಯ ಹತ್ತಿರ ಇರಲಿ. ಮೇ ಕೊನೆಯ ವಾರ ಚರಂಡಿಯ ಬೇವಿನೆಲೆ ತೆಗೆಸುವ ಜವಾಬ್ದಾರಿಯನ್ನೂ ಅದೇ ಕಾಗದದಲ್ಲಿ ಬರೆದು ಸಹಿ ಮಾಡಿಸಿ.